ಪ್ರತಿಕಾಯ ಇಳಿದರೆ ಒಳ್ಳೆಯದಾ, ಕೆಟ್ಟದ್ದಾ? ಎಚ್‌ಐವಿ ಸುದ್ದಿಯ ಗೊಂದಲ ಬಿಡಿಸೋಣ

ಕೋವಿಡ್ ಕಾಲದಲ್ಲಿ ನಾವೆಲ್ಲ ಒಂದು ಪಾಠ ಕಲಿತೆವು: ಮೈಯಲ್ಲಿ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ಆಂಟಿಬಾಡಿ) ಇದ್ದರೆ ರಕ್ಷಣೆ ಇದೆ. ಕೆಲವರು ಲ್ಯಾಬಿಗೆ ದುಡ್ಡು ಕೊಟ್ಟು ತಮ್ಮ ಪ್ರತಿಕಾಯದ ಮಟ್ಟ ಎಷ್ಟಿದೆ ಎಂದು ನೋಡಿಸಿಕೊಂಡೂ ಬಂದರು. ಎಚ್‌ಐವಿ ವಿಷಯಕ್ಕೆ ಬಂದರೆ ಈ ಪಾಠ ತಲೆಕೆಳಗಾಗುತ್ತದೆ. ಇಲ್ಲಿ ಪ್ರತಿಕಾಯ ಕಂಡರೆ ‘ಪಾಸಿಟಿವ್’, ಅಂದರೆ ಸೋಂಕು ಇದೆ ಎಂದರ್ಥ. ಕಾಣದಿದ್ದರೆ ಸಮಾಧಾನ.

ಇದರ ಮೇಲೆ ಸುದ್ದಿಗಳು ಬೇರೆ. ಎಚ್‌ಐವಿಯಿಂದ ಗುಣವಾದವರ ಬಗ್ಗೆ ಬರೆಯುವಾಗ ‘ಪ್ರತಿಕಾಯದ ಮಟ್ಟ ಇಳಿದಿದೆ’ ಎಂದು ಸಂತೋಷದಿಂದ ಹೇಳುತ್ತಾರೆ. ಇನ್ನೊಂದು ಕಡೆ ಎಚ್‌ಐವಿ ಇರುವವರಲ್ಲಿ ‘ಪ್ರತಿಕಾಯ ಇಳಿಯುತ್ತದೆ, ಹುಷಾರು’ ಎಂದು ವೈದ್ಯರು ಎಚ್ಚರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ತರಬೇತಿ ಕೊಡುವ ಲಸಿಕೆ ಪ್ರಯೋಗ ಫಲ ಕೊಡುತ್ತಿದೆ ಎಂಬ ವರದಿ ಬಂತು. ಅದೇ ತಿಂಗಳ ಕೊನೆಗೆ ಅಂಥ ಸಂಶೋಧನೆಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ ದೊಡ್ಡ ಅನುದಾನ ನಿಲ್ಲುತ್ತದೆ ಎಂಬ ಸುದ್ದಿಯೂ ಬಂತು. ಓದುವವರು ಯಾವುದನ್ನು ನಂಬಬೇಕು?

ಈ ಗೊಂದಲಕ್ಕೆ ಕಾರಣ ಒಂದೇ ಮಾತು. ‘ಪ್ರತಿಕಾಯ ಇಳಿಯಿತು’ ಎಂದಾಗ ಯಾವ ಪ್ರತಿಕಾಯ ಎಂದು ಯಾರೂ ಹೇಳುವುದಿಲ್ಲ. ಎಚ್‌ಐವಿ ವಿರುದ್ಧದ ಪ್ರತಿಕಾಯ ಇಳಿಯುವುದು ಒಂದು ಕಥೆ, ದಡಾರ, ಧನುರ್ವಾಯು, ನ್ಯುಮೋನಿಯಾ, ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯ ಇಳಿಯುವುದು ಪೂರ್ತಿ ಬೇರೆಯೇ ಕಥೆ.

ಆ ಒಂದು ಗೆರೆ ಹೇಳುವುದೇನು

ಮಂಗಳೂರಿನ ವೆನ್ಲಾಕ್ ಆಗಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಆಗಲಿ, ಎಚ್‌ಐವಿ ಪರೀಕ್ಷೆ ಶುರುವಾಗುವುದು ಒಂದು ಹನಿ ರಕ್ತದಿಂದ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ತುದಿಯಲ್ಲಿ ಸಣ್ಣ ಗುಂಡಿ. ಅಲ್ಲಿಗೆ ರಕ್ತ ಬಿಟ್ಟು, ಮೇಲೆ ಒಂದೆರಡು ಹನಿ ದ್ರಾವಣ ಹಾಕುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ತೇವ ನಿಧಾನಕ್ಕೆ ಹರಿದು ಕಿಟಕಿಯಂಥ ಜಾಗಕ್ಕೆ ಬರುತ್ತದೆ. ಮೊದಲು ‘ಸಿ’ ಎಂದು ಬರೆದ ಕಡೆ ಗೆರೆ ಮೂಡಿದರೆ ಕಿಟ್ ಸರಿಯಾಗಿದೆ ಎಂದರ್ಥ. ‘ಟಿ’ ಎಂದು ಬರೆದ ಕಡೆಯೂ ಗೆರೆ ಮೂಡಿದರೆ ಪಾಸಿಟಿವ್ ಇರಬಹುದು ಎಂದರ್ಥ. ಕೆಲವು ಕಿಟ್‌ಗಳಲ್ಲಿ ಗೆರೆಯ ಬದಲು ಚುಕ್ಕೆ ಇರುತ್ತದೆ.

ಆ ‘ಟಿ’ ಜಾಗದಲ್ಲಿ ಎಚ್‌ಐವಿಯ ಪ್ರೋಟೀನ್ ಚೂರುಗಳನ್ನು ಮೊದಲೇ ಅಂಟಿಸಿರುತ್ತಾರೆ. ರಕ್ತದಲ್ಲಿ ಅದಕ್ಕೆ ಹೊಂದುವ ಪ್ರತಿಕಾಯ ಇದ್ದರೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಣ್ಣ ಮೂಡುತ್ತದೆ. ಅಂದರೆ ಈ ಪಟ್ಟಿ ನೋಡುವುದು ವೈರಸ್ಸನ್ನಲ್ಲ. ವೈರಸ್ ಮೈಗೆ ಬಂದಿತ್ತು ಎಂಬುದಕ್ಕೆ ನಮ್ಮದೇ ದೇಹ ಬರೆದಿಟ್ಟ ಸಾಕ್ಷಿಯನ್ನು ಮಾತ್ರ ಅದು ನೋಡುತ್ತದೆ. ಮುಂದಿನ ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ.

ಹಾಗಾದರೆ ಆ ಪ್ರತಿಕಾಯ ಎಚ್‌ಐವಿಯನ್ನು ಯಾಕೆ ಓಡಿಸುವುದಿಲ್ಲ? ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಸೋಂಕು ತಗಲಿದ ಮೇಲೆ ಪ್ರತಿಕಾಯ ಪರೀಕ್ಷೆಗೆ ಸಿಗುವಷ್ಟು ಬೆಳೆಯಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಕೆಲವರಲ್ಲಿ ಮೂರು ತಿಂಗಳೂ ಆಗಬಹುದು. ಅದರೊಳಗೆ ವೈರಸ್ ತನ್ನ ವಂಶವಾಹಿಯನ್ನು ನಮ್ಮ ಕೋಶಗಳ ಡಿಎನ್‌ಎಗೇ ಹೆಣೆದು ಕೂತಿರುತ್ತದೆ. ಮೊದಮೊದಲು ಹುಟ್ಟುವ ಪ್ರತಿಕಾಯಗಳು ವೈರಸ್ಸಿಗೆ ಅಂಟುತ್ತವೆಯೇ ಹೊರತು ಅದನ್ನು ತಡೆಯಲಾರವು. ತಡೆಯಬಲ್ಲ ಪ್ರತಿಕಾಯ ಹುಟ್ಟುವ ಹೊತ್ತಿಗೆ ವೈರಸ್ ವೇಷ ಬದಲಿಸಿರುತ್ತದೆ. ಚಿಕಿತ್ಸೆ ಇಲ್ಲದ ಮೈಯಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಸ್ ಹುಟ್ಟುತ್ತವೆ, ನಕಲು ಮಾಡುವಾಗ ತಪ್ಪುಗಳೂ ಜಾಸ್ತಿ. ಸಾಲದ್ದಕ್ಕೆ ಅದರ ಹೊರಮೈಗೆ ಸಕ್ಕರೆ ಅಣುಗಳ ಹೊದಿಕೆ ಇದೆ. ಪ್ರತಿಕಾಯಕ್ಕೆ ಹಿಡಿಯಲು ಜಾಗವೇ ಸಿಗುವುದಿಲ್ಲ.

ಪ್ರತಿಕಾಯ ತಯಾರಾಗುವ ಜಾಗ

ನೆಗಡಿಯಾದಾಗ ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಗುತ್ತದೆ, ಅಲ್ವಾ? ಅವು ದುಗ್ಧ ಗ್ರಂಥಿಗಳು. ಬಿ ಕೋಶಗಳು ಪಾಠ ಕಲಿಯುವುದು ಅಲ್ಲಿ. ವೈರಸ್ಸಿನ ಚೂರು ಸಿಕ್ಕ ಬಿ ಕೋಶ ಅಲ್ಲಿ ತನ್ನ ನಕಲುಗಳನ್ನು ಮಾಡಿಕೊಳ್ಳುತ್ತದೆ. ಪ್ರತಿ ನಕಲಿನಲ್ಲೂ ಪ್ರತಿಕಾಯದ ಆಕಾರ ಸ್ವಲ್ಪ ಬೇರೆ. ಯಾವುದು ಚೆನ್ನಾಗಿ ಹಿಡಿಯುತ್ತದೋ ಅದು ಉಳಿಯಬೇಕು, ಉಳಿದವು ಸಾಯಬೇಕು. ಈ ಆಯ್ಕೆ ಮಾಡುವುದು ಪಕ್ಕದಲ್ಲೇ ಕೂತ ಸಹಾಯಕ ಟಿ ಕೋಶಗಳು. ಅವುಗಳ ಮೈಮೇಲೆ ಸಿಡಿ4 ಎಂಬ ಗುರುತು ಇರುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ‘ನಿಮ್ಮ ಸಿಡಿ4 ಎಷ್ಟು’ ಎಂದು ಕೇಳುತ್ತಾರಲ್ಲ, ಅದು ಈ ಗುರುತು ಹೊತ್ತ ಕೋಶಗಳ ಲೆಕ್ಕ.

ಆಯ್ಕೆಯಾದ ಬಿ ಕೋಶಗಳಿಗೆ ಎರಡು ದಾರಿ. ಕೆಲವು ‘ನೆನಪಿನ ಕೋಶ’ಗಳಾಗಿ ಸುಮ್ನೆ ಕಾಯುತ್ತವೆ. ಅದೇ ರೋಗ ಮತ್ತೆ ಬಂದರೆ ಕೂಡಲೇ ಎದ್ದು ನಿಲ್ಲುತ್ತವೆ. ಇನ್ನು ಕೆಲವು ಪ್ಲಾಸ್ಮಾ ಕೋಶಗಳಾಗುತ್ತವೆ. ಇವೇ ಪ್ರತಿಕಾಯ ಸುರಿಸುವ ಕೋಶಗಳು, ಒಂದೊಂದು ಕೋಶವೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಬಿಡಬಲ್ಲದು. ಹೆಚ್ಚಿನವು ಕೆಲವೇ ದಿನ ಬದುಕುತ್ತವೆ. ಸ್ವಲ್ಪ ಮಾತ್ರ ಎಲುಬಿನ ಮಜ್ಜೆಗೆ ಹೋಗಿ ನೆಲೆಸಿ ವರ್ಷಗಟ್ಟಲೆ ಕೆಲಸ ಮಾಡುತ್ತವೆ.

ರಕ್ತದಲ್ಲಿರುವ ಐಜಿಜಿ ಎಂಬ ಮುಖ್ಯ ಬಗೆಯ ಪ್ರತಿಕಾಯ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕಂದಿನಲ್ಲಿ ಬಂದ ದಡಾರದ ಪ್ರತಿಕಾಯ ಅರವತ್ತು ವರ್ಷವಾದರೂ ಸಿಗುವುದು, ಮಜ್ಜೆಯಲ್ಲಿ ಕೂತ ಕೋಶಗಳು ಅದನ್ನು ಹೊಸದಾಗಿ ತುಂಬುತ್ತಲೇ ಇರುವುದರಿಂದ. ಒರತೆ ಇರುವ ಬಾವಿಯ ಹಾಗೆ. ನೀರಿನ ಮಟ್ಟ ಮೇಲೆ ಕಾಣುತ್ತದೆ, ಒರತೆ ಕಾಣುವುದಿಲ್ಲ.

ವೈರಸ್ ಒಳಗೆ ಹೊಕ್ಕದೆಯೇ ಕೆಡಿಸುವ ಬಗೆ

ಎಚ್‌ಐವಿ ಹೊಕ್ಕುವುದು ಮುಖ್ಯವಾಗಿ ಸಿಡಿ4 ಕೋಶಗಳನ್ನು. ಬಿ ಕೋಶದ ಒಳಕ್ಕೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಆದರೂ ಬಿ ಕೋಶ ಹಾಳಾಗುತ್ತದೆ. ಯಾಕೆಂದರೆ ಪಾಠ ಹೇಳುವ ಟೀಚರನ್ನೇ ವೈರಸ್ ಹಿಡಿದುಕೊಂಡಿರುತ್ತದೆ. ದುಗ್ಧ ಗ್ರಂಥಿಯ ಆ ಸಹಾಯಕ ಟಿ ಕೋಶಗಳು ಎಚ್‌ಐವಿ ಅಡಗಿ ಕೂರುವ ಮುಖ್ಯ ಜಾಗಗಳಲ್ಲಿ ಒಂದು. ಅವುಗಳ ಸಂಖ್ಯೆ ಕೆಲವೊಮ್ಮೆ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಕೆಲಸ ಮಾತ್ರ ಕೆಟ್ಟಿರುತ್ತದೆ. ಒಳ್ಳೆಯ ಬಿ ಕೋಶ ಯಾವುದು, ಬೇಡದ್ದು ಯಾವುದು ಎಂಬ ಆಯ್ಕೆ ಸಡಿಲವಾಗುತ್ತದೆ.

ಎರಡನೆಯ ಪೆಟ್ಟು ಕರುಳಿನ ಕಡೆಯಿಂದ. ಸೋಂಕಿನ ಮೊದಲ ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ ಸಿಡಿ4 ಕೋಶಗಳು ಭಾರೀ ಸಂಖ್ಯೆಯಲ್ಲಿ ಸಾಯುತ್ತವೆ. ಗೋಡೆ ಸೋರತೊಡಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ಸೇರುತ್ತವೆ. ದೇಹ ಹಗಲು ರಾತ್ರಿ ಯುದ್ಧದ ಸ್ಥಿತಿಯಲ್ಲೇ ಇರುತ್ತದೆ. ಬಿ ಕೋಶಗಳು ಬಿಡುವಿಲ್ಲದೆ ಕೆರಳುತ್ತವೆ, ಕೊನೆಗೆ ದಣಿಯುತ್ತವೆ. ಹೀಗೆ ಬಳಲಿದ ಬಿ ಕೋಶಗಳು ಕರೆದರೂ ಏಳುವುದಿಲ್ಲ. ಹಳೆಯ ನೆನಪಿನ ಕೋಶಗಳ ಸಂಖ್ಯೆ ಕುಸಿಯುತ್ತದೆ.

ಆಟಿ ತಿಂಗಳ ಬಾವಿ

ಇಲ್ಲೊಂದು ವಿಚಿತ್ರ ಇದೆ. ಚಿಕಿತ್ಸೆ ಇಲ್ಲದ ಎಚ್‌ಐವಿಯಲ್ಲಿ ರಕ್ತದ ಒಟ್ಟು ಪ್ರತಿಕಾಯ ಕಡಿಮೆಯಾಗುವುದಿಲ್ಲ. ಜಾಸ್ತಿಯಾಗುತ್ತದೆ! ಏಡ್ಸ್ ಮೊದಲು ಗುರುತಾದದ್ದು 1981ರಲ್ಲಿ. 1983ರಲ್ಲೇ ಅಮೆರಿಕದ ಸಂಶೋಧಕರಾದ ಕ್ಲಿಫರ್ಡ್ ಲೇನ್, ಆಂಥೊನಿ ಫೌಚಿ ಮತ್ತವರ ಜೊತೆಗಾರರು ಇದನ್ನು ಬರೆದಿದ್ದರು. ಏಡ್ಸ್ ರೋಗಿಗಳ ಬಿ ಕೋಶಗಳು ತಾವಾಗಿಯೇ ಪ್ರತಿಕಾಯ ಸುರಿಸುತ್ತಿದ್ದವು, ಆದರೆ ಹೊಸ ಲಸಿಕೆ ಕೊಟ್ಟಾಗ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಬಾವಿ ಕಟ್ಟೆಯವರೆಗೂ ತುಂಬಿರುತ್ತದೆ. ಬಗ್ಗಿ ನೋಡಿದರೆ ಕೆಂಪು ನೀರು. ತುಂಬಿದೆ ಎಂದು ಯಾರಾದರೂ ಹಾಗೇ ಕುಡಿಯುತ್ತಾರಾ? ಎಚ್‌ಐವಿಯ ಒಟ್ಟು ಪ್ರತಿಕಾಯವೂ ಹಾಗೆ. ಮಟ್ಟ ಮೇಲಿದೆ, ಬೇಕಾದದ್ದು ಅದರಲ್ಲಿ ಕಡಿಮೆ. ದಡಾರ, ಧನುರ್ವಾಯು, ನ್ಯುಮೋಕಾಕಸ್ ಎಂಬ ನ್ಯುಮೋನಿಯಾ ಬ್ಯಾಕ್ಟೀರಿಯಾ, ಇವುಗಳ ವಿರುದ್ಧದ ನೆನಪಿನ ಬಿ ಕೋಶಗಳು ಎಚ್‌ಐವಿ ಇರುವವರಲ್ಲಿ ಕಡಿಮೆ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಎಚ್‌ಐವಿ ಇರುವವರಿಗೆ ನ್ಯುಮೋಕಾಕಸ್ ಕಾಯಿಲೆ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ.

ಎಆರ್‌ಟಿ ಮಾತ್ರೆ ಶುರು ಮಾಡಿದರೆ ವೈರಸ್ ಇಳಿಯುತ್ತದೆ, ಕೆರಳುವಿಕೆ ತಗ್ಗುತ್ತದೆ, ಏರಿದ್ದ ಒಟ್ಟು ಪ್ರತಿಕಾಯವೂ ಇಳಿಯುತ್ತದೆ. ಇದು ಒಳ್ಳೆಯ ಇಳಿಕೆ. ಆದರೆ ಕಳೆದುಹೋದ ನೆನಪಿನ ಕೋಶಗಳು ಪೂರ್ತಿ ವಾಪಸ್ ಬರುವುದಿಲ್ಲ, ಅದರಲ್ಲೂ ಮಾತ್ರೆ ತಡವಾಗಿ ಶುರು ಮಾಡಿದವರಲ್ಲಿ. ಬೇಗ ಶುರು ಮಾಡಿದವರಲ್ಲಿ ಹೆಚ್ಚು ಉಳಿಯುತ್ತವೆ. ಭಾರತದಲ್ಲಿ ಉಚಿತ ಎಆರ್‌ಟಿ ಬಂದದ್ದು 2004ರ ಏಪ್ರಿಲ್‌ನಲ್ಲಿ. ಆಗ ಸಿಡಿ4 ತುಂಬಾ ಇಳಿದವರಿಗೆ ಮಾತ್ರ ಮಾತ್ರೆ ಕೊಡುತ್ತಿದ್ದರು. 2017ರಿಂದ ಪಾಸಿಟಿವ್ ಎಂದು ಗೊತ್ತಾದ ಎಲ್ಲರಿಗೂ ಕೊಡುತ್ತಾರೆ. ಬಿ ಕೋಶಗಳ ದೃಷ್ಟಿಯಿಂದಲೂ ಅದು ತುಂಬಾ ಒಳ್ಳೆಯ ಬದಲಾವಣೆ. ಹಳೆಯ ಕಾಲದಲ್ಲಿ ಕಾಯಬೇಕಾಗಿ ಬಂದವರ ಲಸಿಕೆಯ ಬಗ್ಗೆ ಹಾಗಾಗಿ ಹೆಚ್ಚು ಕಾಳಜಿ ಬೇಕು.

ಒಂದೇ ರಿಪೋರ್ಟ್, ಎರಡು ಅರ್ಥ

ಮಂಗಳೂರು, ಮಣಿಪಾಲ, ಉಡುಪಿಯಲ್ಲಿ ನರ್ಸಿಂಗ್, ಮೆಡಿಕಲ್ ಓದುವ ಮಕ್ಕಳು ತುಂಬಾ. ಅವರಿಗೆಲ್ಲ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಗೊತ್ತಿರುತ್ತದೆ. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಆಮೇಲೆ ಟೈಟರ್, ಅಂದರೆ ರಕ್ತದಲ್ಲಿ ಆ ಪ್ರತಿಕಾಯ ಎಷ್ಟಿದೆ ಎಂಬ ಅಳತೆ ನೋಡುತ್ತಾರೆ. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಸಿಕ್ಕಿದೆ ಎಂದು ಲೆಕ್ಕ.

ಈಗ ಹತ್ತು ವರ್ಷದ ಮೇಲೆ ಇಬ್ಬರ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಳ್ಳಿ. ಇಬ್ಬರದ್ದೂ 6. ಒಬ್ಬರು ಆರೋಗ್ಯವಂತ ನರ್ಸ್, ಹಿಂದೆ ಅವರ ಟೈಟರ್ 10 ದಾಟಿತ್ತು. ಇನ್ನೊಬ್ಬರಿಗೆ ಎಚ್‌ಐವಿ ಇದೆ. ನರ್ಸ್ ವಿಷಯದಲ್ಲಿ ಗಾಬರಿ ಬೇಡ. ಪ್ರತಿಕಾಯ ಇಳಿದರೂ ನೆನಪಿನ ಬಿ ಕೋಶ ಕಾಯುತ್ತಿದೆ. ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಬೆಳೆಯಲು ವಾರಗಳೇ ಬೇಕು, ಅಷ್ಟರಲ್ಲಿ ಆ ಕೋಶಗಳು ಎದ್ದು ಹೊಸ ಪ್ರತಿಕಾಯ ಮಾಡಿಬಿಡುತ್ತವೆ. ಎಚ್‌ಐವಿ ಇರುವವರ ವಿಷಯದಲ್ಲಿ ಈ ಭರವಸೆ ಇಲ್ಲ. ಕಾಯುವ ಕೋಶಗಳೇ ಕಡಿಮೆ ಇರಬಹುದು. ಹಾಗಾಗಿ ಅವರ ಟೈಟರನ್ನು ಆಗಾಗ ನೋಡಿ, ಇಳಿದರೆ ಬೂಸ್ಟರ್ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ.

ಮೊದಲ ಸಲ ಲಸಿಕೆ ಹಾಕಿಸಿಕೊಂಡಾಗಲೂ ವ್ಯತ್ಯಾಸ ಇದೆ. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಸ್ಪಂದಿಸುತ್ತಾರೆ. ಎಚ್‌ಐವಿ ಇರುವವರಲ್ಲಿ ಮಾಮೂಲಿ ಡೋಸಿಗೆ ಸ್ಪಂದಿಸುವವರು ಅದಕ್ಕಿಂತ ತುಂಬಾ ಕಡಿಮೆ. ಅದಕ್ಕೇ ಇವರಿಗೆ ಎರಡರಷ್ಟು ಪ್ರಮಾಣದ ಡೋಸ್ ಕೊಡುವ ಪದ್ಧತಿ ಇದೆ. ನ್ಯುಮೋಕಾಕಸ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಸಲಹೆಯೂ ಇದೆ. ಸಿಡಿ4 200ಕ್ಕಿಂತ ಕೆಳಗಿದ್ದರೆ ಮಾತ್ರ ದಡಾರದಂಥ ಜೀವಂತ ವೈರಸ್ಸಿನ ಲಸಿಕೆ ಕೊಡಬಾರದು.

ಮಾತ್ರೆ ತಪ್ಪಿಸಬೇಡಿ ಎಂದು ನಾವು ಎಲ್ಲ ಕಡೆ ಹೇಳುತ್ತೇವೆ, ಅದು ಬೇಕೇ ಬೇಕು. ವಯಸ್ಕರ ಲಸಿಕೆಯ ಮಾತು ಮಾತ್ರ ಅಪರೂಪ. ಮಗುವಿಗೆ ಲಸಿಕೆ ಕಾರ್ಡ್ ಇದೆ, ದೊಡ್ಡವರಿಗೆ ಇಲ್ಲ. ಈ ಕೊರತೆಯನ್ನು ಸಣ್ಣದೆಂದು ಬಿಡಬಾರದು.

ಎಚ್‌ಐವಿಯದೇ ಪ್ರತಿಕಾಯ ಇಳಿದಾಗ

ಎಆರ್‌ಟಿ ಶುರುವಾದ ಮೇಲೆ ರಕ್ತದಲ್ಲಿ ವೈರಸ್ ತೀರಾ ಕಡಿಮೆಯಾಗುತ್ತದೆ. ಬಿ ಕೋಶಗಳಿಗೆ ನೋಡಲು ಸಿಗುವ ವೈರಸ್ ಚೂರುಗಳೂ ಕಡಿಮೆ. ಬೇಗ ಸಾಯುವ ಪ್ಲಾಸ್ಮಾ ಕೋಶಗಳು ಹೊಸದಾಗಿ ಹುಟ್ಟುವುದಿಲ್ಲ. ಎಚ್‌ಐವಿ ಪ್ರತಿಕಾಯ ವರ್ಷಗಳ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಆದರೂ ಹೆಚ್ಚಿನವರಲ್ಲಿ ಪಟ್ಟಿಯ ಮೇಲೆ ಗೆರೆ ಮೂಡುವಷ್ಟು ಉಳಿದೇ ಇರುತ್ತದೆ, ಮಜ್ಜೆಯ ಒರತೆ ನಿಲ್ಲದ ಕಾರಣ. ಹತ್ತು ವರ್ಷ ಮಾತ್ರೆ ತಿಂದರೂ ಪಾಸಿಟಿವ್ ಬಂತಲ್ಲ ಎಂದು ಬೇಜಾರು ಮಾಡಿಕೊಳ್ಳುವವರಿದ್ದಾರೆ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ ಖಂಡಿತ ಅಲ್ಲ.

ಸೋಂಕು ತಗಲಿದ ಕೆಲವೇ ದಿನಗಳಲ್ಲಿ ಚಿಕಿತ್ಸೆ ಶುರುವಾದವರ ಕಥೆ ಬೇರೆ. ಅವರಲ್ಲಿ ಪ್ರತಿಕಾಯ ಸರಿಯಾಗಿ ಬೆಳೆಯುವ ಮೊದಲೇ ವೈರಸ್ ಇಳಿದುಬಿಡುತ್ತದೆ. ಪರೀಕ್ಷೆ ‘ನೆಗೆಟಿವ್’ ಬರಬಹುದು. ಅಮೆರಿಕದ ಮಿಸಿಸಿಪ್ಪಿಯಲ್ಲಿ 2010ರಲ್ಲಿ ಹುಟ್ಟಿದ ಒಂದು ಮಗುವಿಗೆ ಹುಟ್ಟಿದ 30 ಗಂಟೆಯಲ್ಲೇ ಚಿಕಿತ್ಸೆ ಕೊಟ್ಟಿದ್ದರು. ಒಂದೂವರೆ ವರ್ಷದ ಹೊತ್ತಿಗೆ ಔಷಧ ನಿಂತಿತು. ಆಮೇಲೆ ನೋಡಿದರೆ ರಕ್ತದಲ್ಲಿ ವೈರಸ್ ಇಲ್ಲ, ಪ್ರತಿಕಾಯವೂ ಇಲ್ಲ. ಗುಣವಾಯಿತು ಎಂದು ಜಗತ್ತೇ ಸಂತೋಷಪಟ್ಟಿತು. ಔಷಧ ನಿಲ್ಲಿಸಿ ಎರಡು ವರ್ಷ ದಾಟಿದ ಮೇಲೆ, 2014ರಲ್ಲಿ, ವೈರಸ್ ಮತ್ತೆ ಕಾಣಿಸಿತು. ಅಷ್ಟು ದಿನ ಅದು ಎಲ್ಲೋ ಕೆಲವು ಕೋಶಗಳಲ್ಲಿ ನಿದ್ದೆ ಮಾಡುತ್ತಿತ್ತು.

ಬರ್ಲಿನ್‌ನಲ್ಲಿ ಅಸ್ಥಿಮಜ್ಜೆ ಕಸಿಯಿಂದ ಗುಣವಾದ ತಿಮೊಥಿ ರೇ ಬ್ರೌನ್ ಅವರಲ್ಲೂ ಎಚ್‌ಐವಿ ಪ್ರತಿಕಾಯ ವರ್ಷವರ್ಷ ಇಳಿಯುತ್ತಾ ಹೋಗಿತ್ತು. ಅಲ್ಲಿ ಇಳಿಕೆ ನಿಜಕ್ಕೂ ಗುಣವಾದದ್ದರ ಒಂದು ಲಕ್ಷಣ. ಮಿಸಿಸಿಪ್ಪಿ ಮಗುವಿನಲ್ಲಿ ಪ್ರತಿಕಾಯ ಇಲ್ಲದಿದ್ದದ್ದು ಗುಣವಾದದ್ದರ ಲಕ್ಷಣ ಆಗಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ಮೂರನೆಯ ಇಳಿಕೆಯೂ ಇದೆ. ಚಿಕಿತ್ಸೆ ಇಲ್ಲದೆ ಏಡ್ಸ್ ಹಂತಕ್ಕೆ ಹೋದವರಲ್ಲಿ ಪಿ24 ಎಂಬ ವೈರಸ್ ಪ್ರೋಟೀನ್ ವಿರುದ್ಧದ ಪ್ರತಿಕಾಯ ಕುಸಿಯುತ್ತದೆ. ಅದು ದೇಹ ಸೋಲುತ್ತಿರುವ ಗುರುತು.

ನೆಗೆಟಿವ್ ಚೀಟಿ ಕೈಗೆ ಬಂದರೆ

ಈ ತಿಳಿವಳಿಕೆ ಇಲ್ಲದಿದ್ದರೆ ಆಗುವ ಅನಾಹುತ ದೊಡ್ಡದು. ಎಆರ್‌ಟಿಯಲ್ಲಿರುವವರು ಯಾವುದೋ ಲ್ಯಾಬಿನಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿಸಿ, ಅಪರೂಪಕ್ಕೆ ನೆಗೆಟಿವ್ ಬಂತೆಂದು ಮಾತ್ರೆ ಬಿಟ್ಟರೆ, ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ, ಖಚಿತಪಡಿಸುವ ಮರುಪರೀಕ್ಷೆಯನ್ನು ಎಆರ್‌ಟಿ ಶುರು ಮಾಡುವ ಮೊದಲೇ ಮಾಡಿ, ಶುರುವಾದ ಮೇಲೆ ಪ್ರತಿಕಾಯ ಪರೀಕ್ಷೆ ಬೇಡ ಎನ್ನುತ್ತದೆ. ಚಿಕಿತ್ಸೆಯ ಫಲ ನೋಡಲು ಇರುವುದು ವೈರಲ್ ಲೋಡ್, ಅಂದರೆ ವೈರಸ್ಸಿನದೇ ಎಣಿಕೆ. ನಮ್ಮಲ್ಲಿ ಅದನ್ನು 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡುತ್ತಾರೆ. ಅದು ಪತ್ತೆಯಾಗದಷ್ಟು ಕಡಿಮೆ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ರಕ್ತದಾನ ಮಾತ್ರ ಯಾವತ್ತೂ ಮಾಡುವಂತಿಲ್ಲ. ಕರಾವಳಿಯಲ್ಲಿ ರಕ್ತದಾನ ಶಿಬಿರ ನಡೆಯದ ವಾರವಿಲ್ಲ, ಹಾಗಾಗಿ ಇದು ಎಲ್ಲರಿಗೂ ಗೊತ್ತಿರಬೇಕು.

ಗಲ್ಫ್ ಕೆಲಸಕ್ಕೆ ಹೊರಟವರ ಮೆಡಿಕಲ್‌ನಲ್ಲಿ ಎಚ್‌ಐವಿ ಪರೀಕ್ಷೆಯೂ ಇರುತ್ತದೆ. ಅಲ್ಲಿ ಒಂದು ಪರೀಕ್ಷೆ ಪಾಸಿಟಿವ್ ಬಂದ ಕೂಡಲೇ ಬದುಕೇ ಮುಗಿಯಿತು ಎಂದು ಕುಸಿಯುವುದು ಬೇಡ. ಒಂದೇ ಕಿಟ್‌ನ ಗೆರೆ ರೋಗನಿರ್ಣಯ ಅಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಬೇರೆ ಬೇರೆ ಮೂರು ಪರೀಕ್ಷೆಗಳಲ್ಲೂ ಪಾಸಿಟಿವ್ ಬಂದರೆ ಮಾತ್ರ ಹೌದು ಎನ್ನುತ್ತಾರೆ. ಅದು ಉಚಿತ, ಗುಟ್ಟಾಗಿಯೂ ಇರುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ದೇಶದೊಳಗೆ ಕೆಲಸ ಕೊಡಲು ಈ ಪರೀಕ್ಷೆಯನ್ನು ಷರತ್ತು ಮಾಡುವಂತೆಯೂ ಇಲ್ಲ.

ಹಸುಗೂಸುಗಳ ವಿಷಯದಲ್ಲಿ ಲೆಕ್ಕ ಇನ್ನೂ ಬೇರೆ. ಪಾಸಿಟಿವ್ ತಾಯಿಯ ಪ್ರತಿಕಾಯ ಬಸಿರಿನಲ್ಲೇ ಮಗುವಿಗೆ ದಾಟಿರುತ್ತದೆ. ಮಗುವಿಗೆ ಸೋಂಕು ಇಲ್ಲದಿದ್ದರೂ ಪಟ್ಟಿಯಲ್ಲಿ ಗೆರೆ ಮೂಡುತ್ತದೆ. 18 ತಿಂಗಳ ಹೊತ್ತಿಗೆ ಅಮ್ಮನಿಂದ ಬಂದದ್ದು ಕರಗಿಹೋಗುತ್ತದೆ. ಅದಕ್ಕೇ ಆರನೆಯ ವಾರದಲ್ಲಿ ಪಿಸಿಆರ್ ಪರೀಕ್ಷೆ ಮಾಡಿ ವೈರಸ್ಸನ್ನೇ ಹುಡುಕುತ್ತಾರೆ, ಪ್ರತಿಕಾಯ ಪರೀಕ್ಷೆಯನ್ನು 18 ತಿಂಗಳಿಗೆ ಇಟ್ಟುಕೊಳ್ಳುತ್ತಾರೆ.

ಬಿ ಕೋಶಕ್ಕೆ ಮೊದಲೇ ಪಾಠ ಹೇಳಿದರೆ?

ಈಗ ಆ ಮೇ ತಿಂಗಳ ಸುದ್ದಿಗೆ ಬರೋಣ. ಎಚ್‌ಐವಿ ಇರುವ ಕೆಲವರಲ್ಲಿ, ವರ್ಷಗಳು ಕಳೆದ ಮೇಲೆ, ವೈರಸ್ಸಿನ ಹಲವು ವೇಷಗಳನ್ನು ಒಟ್ಟಿಗೆ ತಡೆಯುವ ಅಪರೂಪದ ಪ್ರತಿಕಾಯ ಹುಟ್ಟುತ್ತದೆ. ಅವರಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ. ಆದರೆ ಸೋಂಕು ಬರುವ ಮೊದಲೇ ಅಂಥದ್ದನ್ನು ಹುಟ್ಟಿಸಿದರೆ? ಇದಕ್ಕೆ ಒಂದೇ ಲಸಿಕೆ ಸಾಲದು. ಆ ದಾರಿಯಲ್ಲಿ ಹೋಗಬಲ್ಲ ಬಿ ಕೋಶಗಳೇ ತೀರಾ ವಿರಳ. ಮೊದಲ ಲಸಿಕೆ ಅವನ್ನು ಹುಡುಕಿ ಎಬ್ಬಿಸಬೇಕು, ಮುಂದಿನವು ಒಂದೊಂದೇ ತರಗತಿ ದಾಟಿಸಬೇಕು. 2025ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗಗಳು ಅಮೆರಿಕ, ರುವಾಂಡಾ, ದಕ್ಷಿಣ ಆಫ್ರಿಕಾದ ಸ್ವಯಂಸೇವಕರಲ್ಲಿ ಮೊದಲ ಹೆಜ್ಜೆ ಆಗುತ್ತದೆ ಎಂದು ತೋರಿಸಿದವು. ಅಮೆರಿಕದಲ್ಲಿ ಎರಡನೆಯ ಹೆಜ್ಜೆಯ ಸುಳಿವೂ ಸಿಕ್ಕಿತು. ಕೆಲವರಿಗೆ ಮೈಮೇಲೆ ತುರಿಕೆಯ ದದ್ದು ಎದ್ದಿತು, ಅದನ್ನು ಇನ್ನೂ ಬಗೆಹರಿಸಬೇಕು. ಎಚ್‌ಐವಿ ತಡೆಯುವ ಲಸಿಕೆ ಸಿಕ್ಕಿತು ಎಂದು ಇದರ ಅರ್ಥ ಅಲ್ಲ.

ಇಲ್ಲೇ ಭಿನ್ನಾಭಿಪ್ರಾಯ ಇರುವುದು. ಒಂದು ಕಡೆಯವರು ಹೇಳುವುದು ಹೀಗೆ: ಲಸಿಕೆಗಾಗಿ ನಲವತ್ತು ವರ್ಷ ಸುರಿದದ್ದು ಸಾಕು. 2009ರ ಥಾಯ್ಲೆಂಡ್ ಪ್ರಯೋಗದಲ್ಲಿ ಸಿಕ್ಕದ್ದು ಸುಮಾರು 31% ರಕ್ಷಣೆ ಮಾತ್ರ. ಆಮೇಲಿನ ದೊಡ್ಡ ಪ್ರಯೋಗಗಳು 2020ರಲ್ಲಿ, 2023ರಲ್ಲಿ ಅರ್ಧಕ್ಕೇ ನಿಂತವು. ಈಗ ಸೋಂಕು ತಡೆಯಲು ಆರು ತಿಂಗಳಿಗೊಮ್ಮೆ ಹಾಕುವ ಲೆನಕಾಪವಿರ್ ಎಂಬ ಔಷಧದ ಚುಚ್ಚುಮದ್ದು ಇದೆ. ಆಫ್ರಿಕಾದ ಪ್ರಯೋಗದಲ್ಲಿ ಅದನ್ನು ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು, ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ದುಡ್ಡನ್ನು ಅದಕ್ಕೆ ಹಾಕಿ.

ಇನ್ನೊಂದು ಕಡೆಯವರ ಮಾತು: ಚುಚ್ಚುಮದ್ದು ದೇಹಕ್ಕೆ ಏನನ್ನೂ ಕಲಿಸುವುದಿಲ್ಲ. ಒಂದು ಡೋಸ್ ತಪ್ಪಿದರೆ ರಕ್ಷಣೆ ಹೋಯಿತು. ಜೀವನಪೂರ್ತಿ ಅದನ್ನು ತಲುಪಿಸುವ ಶಕ್ತಿ ಎಷ್ಟು ಬಡ ದೇಶಗಳಿಗಿದೆ? ಬಿ ಕೋಶ ಒಮ್ಮೆ ಕಲಿತರೆ ಮಜ್ಜೆಯಲ್ಲಿ ಕೂತು ದಶಕಗಟ್ಟಲೆ ಕಾಯುತ್ತದೆ.

ಎರಡೂ ಮಾತಿನಲ್ಲಿ ಹುರುಳಿದೆ. ಇವತ್ತು ಸೋಂಕು ತಡೆಯಲು ಚುಚ್ಚುಮದ್ದೇ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಮೊದಲ ಹೆಜ್ಜೆ ಊರಿದ ಅದೇ ತಿಂಗಳು, ಇಂಥ ಲಸಿಕೆಯ ಎರಡು ಮುಖ್ಯ ಸಂಶೋಧನಾ ಕೂಟಗಳಿಗೆ ಅನುದಾನ ಮುಂದುವರಿಸುವುದಿಲ್ಲ ಎಂದು ಅಮೆರಿಕ ಹೇಳಿದ್ದು ತಪ್ಪು ನಿರ್ಧಾರ. ಪ್ರಯೋಗಾಲಯ ಮುಚ್ಚಿ, ಪಳಗಿದ ಕೈಗಳು ಚದುರಿದ ಮೇಲೆ ಮತ್ತೆ ಕೂಡಿಸಲು ವರ್ಷಗಳೇ ಹಿಡಿಯುತ್ತವೆ.

ಈಗಾಗಲೇ ಎಚ್‌ಐವಿ ಇರುವ ಸುಮಾರು 25 ಲಕ್ಷ ಭಾರತೀಯರಿಗೆ ಆ ಲಸಿಕೆ ಬಂದರೂ ಅದು ಅವರಿಗಾಗಿ ಅಲ್ಲ. ಅವರಿಗೆ ಇವತ್ತು ಸಿಗಬೇಕಾದದ್ದು ಹಳೆಯ, ಸಾಮಾನ್ಯ ಲಸಿಕೆಗಳು. ಮುಂದಿನ ಸಲ ಎಆರ್‌ಟಿ ಕೇಂದ್ರಕ್ಕೆ ಹೋದಾಗ ವೈರಲ್ ಲೋಡ್ ಎಷ್ಟು ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ‘ಡಾಕ್ಟ್ರೇ, ನನಗೆ ಹೆಪಟೈಟಿಸ್ ಬಿ ಮತ್ತು ನ್ಯುಮೋನಿಯಾ ಲಸಿಕೆ ಆಗಿದೆಯಾ? ಆಗಿದ್ದರೆ ನನ್ನ ಟೈಟರ್ ಈಗ ಎಷ್ಟಿದೆ?’